ಮನೆಗೊಂದು ಆಳು

“ಆದಿತ್ಯವಾರ ಕಟ್ಟದ ಕೆಲಸ. ಮನೆಗೊಂದು ಆಳು. ನಮ್ಮ ಲೆಕ್ಕಕ್ಕೆ ಲಿಯಾನ್ ಹೋಗ್ಲಿ, ನೀನು ಹೇಳಿ ಬಾ,” ಎಂದು ಅಪ್ಪ ಹೇಳಿದಾಗ ನಾನು ದೋಸೆ ತಿನ್ನುತ್ತಿದ್ದೆ.

ಡಿಸೆಂಬರ್ ಬಂತೆಂದರೆ ಕೋಡಿಂಬಾಳದ ನಮ್ಮ ಬದಿಯವರು ತೋಡಿನ ಹರಿವಿಗೆ ಅಡ್ಡಲಾಗಿ ಕಟ್ಟ ಹಾಕುತ್ತಾರೆ. ಕಲ್ಲು, ಮಣ್ಣು, ಮರಳು ಚೀಲಗಳ ಒಡ್ಡು. ಅದು ಗಟ್ಟಿಯಾಗಿ ನಿಂತರೆ ಏಪ್ರಿಲ್‌ವರೆಗೂ ಎರಡು ದಡದ ತೋಟಗಳ ಬಾವಿಯಲ್ಲಿ ನೀರು. ಕೂಲಿ ಇಲ್ಲ, ತೋಟ ಇದ್ದವರ ಮನೆಯಿಂದ ಒಬ್ಬೊಬ್ಬರು ಬರುವುದು ಅಜ್ಜನ ಕಾಲದಿಂದ ನಡೆದದ್ದು. ಕಳೆದ ವರ್ಷದವರೆಗೆ ಅಪ್ಪನೇ ಹೋಗುತ್ತಿದ್ದರು.

ಲಿಯಾನ್ ನಮ್ಮ ರಬ್ಬರ್ ಟ್ಯಾಪಿಂಗ್ ಮಾಡುವವನು. ಅವನೂ ಹೆಂಡತಿ ಸುಯಿಯೂ ಗುಡ್ಡದ ಮೇಲಿನ ನಮ್ಮ ಹಳೆಯ ರೂಮಿನಲ್ಲಿದ್ದರು. ಊರವರ ಬಾಯಲ್ಲಿ ಅವರು ನೇಪಾಳಿಗಳು. ಕರೆತಂದ ಏಜೆಂಟ್ ಮಿಜೋರಾಂ ಎಂದಿದ್ದ. ಮಿಜೋರಾಂನಿಂದಲೂ ಆಚೆ, ಬರ್ಮಾದಿಂದ ಗಡಿ ದಾಟಿ ಬಂದವರೆಂದು ಸುಯಿ ನನಗೊಬ್ಬಳಿಗೆ ಹೇಳಿದ್ದಳು. ಮನೆಯಲ್ಲಿ ಹಿಂದಿ ಬರುವವಳು ನಾನೊಬ್ಬಳೇ. ಯಾರೊಡನೆಯೂ ಹೆಚ್ಚು ಮಾತಾಡದ ನನಗೆ, ತಪ್ಪು ತಪ್ಪು ಹಿಂದಿಯಲ್ಲಿ ಅವಳೊಡನೆ ಮಾತಾಡುವುದು ಸುಲಭವೆನಿಸುತ್ತಿತ್ತು.

“ಆದಿತ್ಯವಾರ ಅವರಿಗೆ ಕಡಬಕ್ಕೆ ಚರ್ಚಿಗೆ ಹೋಗ್ಲಿಕ್ಕುಂಟು,” ಎಂದರು ಅಮ್ಮ.

“ದೇವರು ಎಲ್ಲಿ ಓಡಿ ಹೋಗ್ತಾನೆ? ಮುಂದಿನ ವಾರ ಹೋಗ್ಲಿ.”

“ಬಂದ್ರೆ ಒಳ್ಳೆದಿತ್ತು ಅಂತ ಹೇಳ್ಲಾ ಅಪ್ಪ?” ಎಂದು ಕೇಳಿದೆ.

“ಹಾಗೆ ಹೇಳಿದ್ರೆ ಯಾರು ಬರ್ತಾರೆ ಮಾರಾಯ್ತಿ! ಬರ್ಲೇಬೇಕು ಅಂತ ಹೇಳು. ರೂಮು ಪುಕ್ಕಟೆ ಕೊಟ್ಟದ್ದಲ್ವಾ ನಾವು.”

ನಾನು ಗುಡ್ಡ ಹತ್ತಿ ಹಾಗೆಯೇ ಹೇಳಿದೆ. ಪುಕ್ಕಟೆ ರೂಮಿನ ಮಾತನ್ನೂ ಬಿಡಲಿಲ್ಲ. ಅಂಗಳದಲ್ಲಿ ಕೂತಿದ್ದ ಇಬ್ಬರೂ ಎದ್ದು ನಿಂತರು.

“ಎಷ್ಟು ದಿನ?” ಎಂದು ಕೇಳಿದ ಲಿಯಾನ್.

“ಒಂದೇ ದಿನ.”

“ಅಕ್ಕಿ ನಾವೇ ತರಬೇಕಾ?”

ನನಗೆ ನಗು ಬಂತು. “ಬೇಡ, ಅಲ್ಲಿ ಅವಲಕ್ಕಿ, ಚಾ ಎಲ್ಲ ಇರುತ್ತದೆ.”

ಅವನು ನಗಲಿಲ್ಲ. ಯಾಕೆ ಹಾಗೆ ಕೇಳಿದೆ ಎಂದು ನಾನೂ ಕೇಳಲಿಲ್ಲ.

ಆದಿತ್ಯವಾರ ಅಮ್ಮನೊಡನೆ ಚಾದ ಪಾತ್ರೆ ಹಿಡಿದು ತೋಡಿಗೆ ಹೋದಾಗ ಕೆಲಸ ಅರ್ಧ ಆಗಿತ್ತು. ಯುವಕ ಮಂಡಲದ ಕೀರ್ತನ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೊಬ್ಬೆ ಹಾಕುತ್ತಿದ್ದ. ಅಪ್ಪ ದಡದ ಕಲ್ಲಿನ ಮೇಲೆ ಕೂತು ಯಾವ ಚೀಲ ಎಲ್ಲಿಗೆ ಎಂದು ಕೈ ತೋರಿಸುತ್ತಿದ್ದರು.

“ಮೇದಪ್ಪಣ್ಣ, ಬಾಯಲ್ಲಿ ಕಟ್ಟ ಕಟ್ಟಿದ್ರೆ ನೀರು ನಿಲ್ಲುದಿಲ್ಲ, ಇಳೀರಿ!” ಎಂದ ಕೀರ್ತನ್.

“ನನ್ನ ಆಳು ಬಂದಿದೆಯಲ್ಲ ಮಾರಾಯ, ಅಕೋ ಅಲ್ಲಿ,” ಎಂದರು ಅಪ್ಪ.

ಹಣೆಗೆ ಪಟ್ಟಿ ಹಾಕಿ ಬೆನ್ನ ಮೇಲೆ ಮರಳು ಚೀಲ ಹೊತ್ತು, ಲಿಯಾನ್‌ನ ಅಂಗಿ ತೊಟ್ಟ ಆಳೊಂದು ಬಗ್ಗಿಕೊಂಡು ಇಳಿಯುತ್ತಿತ್ತು. ಪಕ್ಕದ ಮನೆಯ ತಿಮ್ಮಕ್ಕ ಮೊದಲು ಕಂಡವರು.

“ಅಯ್ಯೋ, ಇದು ಅವನಲ್ಲ, ಅವಳು! ಬಸುರಿ ಹೆಂಗಸು! ಇಳಿಸು, ಇಳಿಸು ಅದನ್ನು!”

ಇಬ್ಬರು ಓಡಿ ಹೋಗಿ ಚೀಲ ಇಳಿಸಿದರು. ಸುಯಿ ಹೊಟ್ಟೆಗೆ ಕೈಕೊಟ್ಟು ಏದುಸಿರು ಬಿಡುತ್ತಾ ನಿಂತಳು. ಅವಳಿಗೆ ಆಗ ಏಳು ತಿಂಗಳು. ಹತ್ತಿರದ ಪೊದೆಗೆ ಒಂದು ಹೇಂಟೆಯನ್ನು ಕಟ್ಟಿ ಹಾಕಿದ್ದಳು.

“ಕೋಳಿ ಎಂತಕ್ಕೆ? ಮಧ್ಯಾಹ್ನಕ್ಕೆ ಸುಕ್ಕವಾ?” ಎಂದ ಕೀರ್ತನ್. ನೀರಿನಲ್ಲಿದ್ದವರೆಲ್ಲ ನಕ್ಕರು.

ನಾನು ಅವಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: “ಲಿಯಾನ್‌ಗೆ ಜ್ವರ, ಏಳಲಿಕ್ಕೆ ಆಗುವುದಿಲ್ಲ. ಗಂಡಸು ಬಾರದಿದ್ದರೆ ಹೆಂಗಸು ಬರಬೇಕು. ಹೆಂಗಸಿನ ಕೆಲಸ ಅರ್ಧ ಅಲ್ಲವಾ? ಉಳಿದ ಅರ್ಧಕ್ಕೆ ಕೋಳಿ. ರೂಮು ಬಿಡಿಸಬೇಡಿ ಎಂದು ಹೇಳು. ಮಗು ಹುಟ್ಟುವವರೆಗಾದರೂ.”

“ಎಂತ ಹೇಳ್ತಾಳೆ?” ಎಂದರು ಅಪ್ಪ.

“ಅವನಿಗೆ ಜ್ವರ ಅಂತೆ.”

“ಮತ್ತೆ ಕೋಳಿ?”

ಅಷ್ಟು ಜನರ ಎದುರು ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಅವಳು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಕೀರ್ತನ್‌ನ ನಗು ಅಲ್ಲಿಗೇ ನಿಂತಿತು. ಅಪ್ಪ ಕಲ್ಲಿನಿಂದ ಎದ್ದರು.

“ನಾವು ಅಂಥವರಲ್ಲ ಅಂತ ಹೇಳು ಅವಳಿಗೆ. ಮನೆಗೆ ಹೋಗ್ಲಿ, ಮಲಗ್ಲಿ.”

ನಾನು ಹೇಳಿದೆ. ಸುಯಿ ಕದಲಲಿಲ್ಲ.

“ನಾನು ಹೋದರೆ, ನಮ್ಮ ಮನೆಯಿಂದ ಆಳು ಬಂದಿತ್ತು ಎಂದು ಆಮೇಲೆ ಯಾರು ಹೇಳುತ್ತಾರೆ?”

ತಿಮ್ಮಕ್ಕ ಕೈ ಹಿಡಿದು ಎಳೆದರೂ ಹೋಗದೆ ಅವಳು ಎಲ್ಲರಿಗೂ ಕಾಣುವ ಹಾಗೆ ದಡದಲ್ಲೇ ಕೂತಳು. ನಾನು ಪಕ್ಕದಲ್ಲಿ ಕೂತೆ. ಅವಳು ಮೆಲ್ಲಗೆ ಹೇಳತೊಡಗಿದಳು. ಅವರ ಊರಿಗೆ ಮಿಲಿಟರಿ ಬಂದ ಮೇಲೆ ಇದೇ ಕ್ರಮವಂತೆ, ಮನೆಗೊಂದು ಆಳು. ಕ್ಯಾಂಪಿಗೆ ಕಲ್ಲು ಹೊರುವುದು, ಬೇಲಿ ಹಾಕುವುದು, ಊಟ ಮನೆಯಿಂದಲೇ. ಒಮ್ಮೆ ಲಿಯಾನ್‌ನ ಅಪ್ಪನಿಗೆ ಜ್ವರ ಬಂದು ಅವರ ಮನೆಯಿಂದ ಯಾರೂ ಹೋಗಲಿಲ್ಲ. ಮುಂದಿನ ಸಲ ಮಿಲಿಟರಿಯವರು ಊರವರಿಂದ ಹಾಕಿಸಿದ ಬೇಲಿ ಅವರ ಗದ್ದೆಯ ಸುತ್ತ; ಗದ್ದೆ ಕ್ಯಾಂಪಿಗೆ ಹೋಯಿತು. ಆ ಬೇಲಿಯ ಕಂಬಗಳನ್ನು ಹೊತ್ತವನು ಲಿಯಾನ್.

“ಇದು ಹಾಗಲ್ಲ ಸುಯಿ, ಇಲ್ಲಿ ಒತ್ತಾಯ ಇಲ್ಲ,” ಎಂದೆ.

ಅವಳು ನನ್ನ ಮುಖ ನೋಡಿದಳು. ಬರಲೇಬೇಕು ಎಂದವಳು ನಾನೇ. ನೀರು ನಿಂತರೆ ತುಂಬುವುದು ನಮ್ಮ ಬಾವಿ. ಅವಳಿಗೆ ಅರ್ಥವಾದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಪ್ಪ ಮತ್ತೆ ಕಲ್ಲಿನ ಮೇಲೆ ಕೂರಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಯಾರೂ ತಮಾಷೆ ಮಾಡಲಿಲ್ಲ.

ಸಂಜೆ ನೋಡಿದರೆ ಸುಯಿ ಹೇಂಟೆಯನ್ನು ನಮ್ಮ ಅಂಗಳದ ನಳ್ಳಿಯ ಕಂಬಕ್ಕೆ ಕಟ್ಟಿ ಹೋಗಿದ್ದಳು.

“ಇದನ್ನು ಕೊಟ್ಟು ಬಾ,” ಎಂದರು ಅಪ್ಪ, ನನ್ನ ಕಡೆ ನೋಡದೆ.

ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಗುಡ್ಡ ಹತ್ತಿದೆ. ಲಿಯಾನ್ ಬಾಗಿಲ ಬಳಿ ಕಂಬಳಿ ಹೊದ್ದು ಕೂತಿದ್ದ. ನನ್ನ ಕೈಯಲ್ಲಿ ಕೋಳಿ ಕಂಡದ್ದೇ ಎದ್ದು ನಿಂತ.

“ಒಂದು ಸಾಲಲಿಲ್ಲವಾ?” ಎಂದ.

ಇಲ್ಲ ಇಲ್ಲ ಎಂದು ನಾನು ತಡವರಿಸುವಷ್ಟರಲ್ಲಿ ಗೋಡೆ ಹಿಡಿದುಕೊಂಡು ರೂಮಿನ ಹಿಂದಕ್ಕೆ ಹೋಗಿ ಇನ್ನೊಂದು ಕೋಳಿಯನ್ನೂ ತಂದ. ಅವರ ಹತ್ತಿರ ಇದ್ದದ್ದು ಅವೆರಡೇ. ಕೈ ಚಾಚಿಕೊಂಡೇ ನಿಂತ, ನಡುಗುತ್ತಿದ್ದ. ತೆಗೆದುಕೊಳ್ಳದಿದ್ದರೆ ಬೀಳುತ್ತಾನೆಂದು ತೆಗೆದುಕೊಂಡೆ.

ಕೆಳಗೆ ಬಂದು ಎರಡನ್ನೂ ಅಪ್ಪನ ಕಾಲ ಬುಡದಲ್ಲಿ ಇಟ್ಟೆ.

“ಇದೆಂತ? ಕೊಟ್ಟು ಬಾ ಅಂದ್ರೆ ಇನ್ನೊಂದು ತಂದಿದ್ದಿ!”

“ನಾನು ಹೇಳಿದ್ರೆ ಅವರು ನಂಬುದಿಲ್ಲ ಅಪ್ಪ. ನೀವೇ ಹೋಗಿ.”

“ನಂಗೆ ಹಿಂದಿ ಎಲ್ಲಿ ಬರ್ತದೆ?”

“ನಂಗೆ ಬಂದು ಎಂತ ಉಪಕಾರ ಆಯ್ತು?”

ಅಪ್ಪನಿಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಅಮ್ಮ ಅಡುಗೆಕೋಣೆಯಿಂದ ಹೊರಗೆ ಬಂದರು. ಅಪ್ಪ ಎರಡೂ ಕೋಳಿಗಳನ್ನು ಎತ್ತಿಕೊಂಡರು. ನಾನು ಹಿಂದೆ ಹೋದೆ. ಅರ್ಧ ದಾರಿಯಲ್ಲಿ, ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಹತ್ತಿರ ಅವರು ನಿಂತರು. ಉಸಿರು ತೆಗೆದುಕೊಳ್ಳಲು ಇರಬಹುದು ಅಂದುಕೊಂಡೆ. ತುಂಬ ಹೊತ್ತು ನಿಂತರು.

ನಮ್ಮನ್ನು ಕಂಡು ಸುಯಿ ಎದ್ದು ನಿಂತಳು. ಒಳಗಿನಿಂದ ಲಿಯಾನ್ ಏಳಲು ಒದ್ದಾಡುವುದು ಕೇಳಿಸಿತು.

ಅಪ್ಪ ಕೋಳಿಗಳ ಕಾಲಿನ ಹಗ್ಗ ಬಿಚ್ಚಿದರು. ಅವು ರೆಕ್ಕೆ ಕೊಡವಿಕೊಂಡು ಗೂಡಿನ ಕಡೆ ಓಡಿದವು.

“ಕೂತ್ಕೊ,” ಎಂದರು ಅಪ್ಪ ಕನ್ನಡದಲ್ಲೇ, ಕೈ ಸನ್ನೆ ಮಾಡಿ. ಅವಳು ನಿಂತೇ ಇದ್ದಳು. “ಕೂತ್ಕೊ ಮಗಾ.” ಹಿಂದಿಯಲ್ಲಿ ನಾನೂ ಹೇಳಿದೆ.

ಕೊನೆಗೆ ಅಪ್ಪ ಸೊಂಟಕ್ಕೆ ಕೈಕೊಟ್ಟು, ಅವಳ ಬಾಗಿಲ ಎದುರು, ಆ ಒದ್ದೆ ಪಂಚೆಯಲ್ಲೇ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತರು. ನಾನೂ ಕೂತೆ.

ಸುಯಿ ಕೂರಲಿಲ್ಲ.