ಅಕ್ಕೋರು ಹೊಗಳಿದ ಕಮಾನು

ಹತ್ತೊಂಬತ್ತು ವರ್ಷಗಳಲ್ಲಿ ಸುಂದರಬಾಯಿ ಅಕ್ಕೋರು ನಾನು ಮಾಡಿದ ಒಂದೇ ಒಂದು ಕಮಾನನ್ನು ಹೊಗಳಿದ್ದಾರೆ. ಆ ಹೊಗಳಿಕೆಯ ಸಂಕಟ ನನಗೊಬ್ಬನಿಗೇ ಗೊತ್ತು.

ನಾನು ಹಾವಗೆಪ್ಪ. ಬೀದರದ ನೌಬಾದದಲ್ಲಿ ನನ್ನದೊಂದು ಅಂಗಡಿ ಇದೆ. ಪಿಟೀಲು, ಸಾರಂಗಿ, ದಿಲ್‌ರುಬಾ ಬಾರಿಸುವವರಿಗೆ ಕಮಾನು ಮಾಡಿಕೊಡುತ್ತೇನೆ. ಹೈದರಾಬಾದಿನಿಂದ, ಪುಣೆಯಿಂದ ವಿಳಾಸ ಕೇಳಿಕೊಂಡು ಬರುತ್ತಾರೆ. ಮೊದಲು ನಾನು ಬರೀ ಮಂಚ, ಬಾಗಿಲು ಮಾಡುವ ಬಡಗಿ. ಅಕ್ಕೋರು ಭಾಲ್ಕಿಯ ಸಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಒಂದು ದಿನ ಬೀದರಕ್ಕೆ ಬಂದವರು ಮುರಿದ ಕಮಾನು ನನ್ನ ಕೈಗಿಟ್ಟು ಜೋಡಿಸಿಕೊಡು ಎಂದರು. ಬಾಗಿಲು ಜೋಡಿಸಿದ ಹಾಗೆ ಅಂಟು ಹಚ್ಚಿ, ಮೇಲೊಂದು ಮೊಳೆ ಹೊಡೆದು ಕೊಟ್ಟೆ. ಬೇರೆಯವರಾಗಿದ್ದರೆ ಅದೇ ಕಮಾನಿನಿಂದ ನನ್ನ ತಲೆಗೆ ಹೊಡೆಯುತ್ತಿದ್ದರು. ಅಕ್ಕೋರು ಮಾರಾಟಕ್ಕಿಟ್ಟ ಮಂಚದ ಮೇಲೆ ಕೂತು, ಅದರಿಂದಲೇ ಪಿಟೀಲು ಬಾರಿಸಿ, ಎಲ್ಲಿ ನಡುಗುತ್ತದೆ, ಎಲ್ಲಿ ಕಿರುಗುಟ್ಟುತ್ತದೆ ಎಂದು ನನ್ನ ಕಿವಿಗೆ ತೋರಿಸಿದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಕಡ್ಡಿ ನನ್ನ ಮಾತು ಕೇಳುವುದಿಲ್ಲವೇ ಎಂದು ಹಠ ಹಿಡಿದು ಹೊಸದೇ ಮಾಡಿದೆ. ಅದು ಕೆಟ್ಟಿತು. ಇನ್ನೊಂದು ಮಾಡಿದೆ, ಅದೂ ಕೆಟ್ಟಿತು. ಹೀಗೆ ಹನ್ನೊಂದು. ಅಕ್ಕೋರು ಪ್ರತಿಯೊಂದನ್ನೂ ವಾರಗಟ್ಟಲೆ ಬಾರಿಸಿ ಪ್ರತಿಯೊಂದರಲ್ಲೂ ತಪ್ಪು ಹುಡುಕಿದರು. ಒಂದರ ನಡು ಮೆತ್ತಗಾಗಿದೆ, ಇನ್ನೊಂದರ ತುದಿ ಭಾರವಾಗಿದೆ, ಮತ್ತೊಂದರ ಕೂದಲು ಸಡಿಲ. ಹನ್ನೆರಡನೆಯದನ್ನು ಬಾರಿಸಿ, ಇದನ್ನು ಮಾರಬಹುದು ಎಂದರು. ಅಷ್ಟೇ. ನಾನು ಇವತ್ತು ಉಣ್ಣುವ ಅನ್ನ ಆ ತಪ್ಪುಗಳಿಂದ ಬಂದದ್ದು.

ಕಳೆದ ವರ್ಷ ಅವರ ಬಲಗೈಯ ಬೆರಳ ಗಂಟುಗಳು ಬಾತವು. ಔಷಧಿಯಿಂದ ನೋವು ಇಳಿಯಿತು, ಬೆರಳು ಮಾತ್ರ ಮಡಚಲಿಲ್ಲ. ಮೂವತ್ತು ವರ್ಷಗಳಿಂದ ಅವರು ಪ್ರತಿ ಸೋಮವಾರ ಭಾಲ್ಕಿಯಲ್ಲಿ ಸಂಜೆಯ ಪ್ರಾರ್ಥನೆಗೆ ಕೂತು ವಚನ ಹಾಡುವವರಿಗೆ ಪಿಟೀಲು ಬಾರಿಸುತ್ತಿದ್ದವರು. ಎಂಟು ತಿಂಗಳಿಂದ ಸುಮ್ಮನೆ ಕೂತು ಕೇಳಿ ಎದ್ದು ಬರುತ್ತಿದ್ದರು. ಬಸವ ಜಯಂತಿ ಆದ ಮೇಲೆ ಪಿಟೀಲನ್ನು ಸಂಗೀತ ಕಲಿಯುವ ಮಕ್ಕಳಿಗೆ ಕೊಟ್ಟುಬಿಡುತ್ತೇನೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದರು. ಹಳೆಯ ಸೀರೆ ಕೊಡುವ ವಿಷಯ ಹೇಳಿದಷ್ಟು ಹಗುರವಾಗಿ ಹೇಳಿದರು. ನನಗೆ ಆ ದಿನ ಊಟ ಸೇರಲಿಲ್ಲ.

ಅವರ ಕೈಗೆ ಒಗ್ಗುವ ಕಮಾನು ಮಾಡಬೇಕೆಂದು ಕೂತೆ. ಕಮಾನಿನಲ್ಲಿ, ಕೈ ಹಿಡಿಯುವ ಕಡೆ, ಕೂದಲು ಕಟ್ಟುವ ಒಂದು ಸಣ್ಣ ತುಂಡು ಇರುತ್ತದೆ. ಇಂಗ್ಲಿಷಿನವರು ಅದಕ್ಕೆ ಕಪ್ಪೆ ಎನ್ನುತ್ತಾರೆ. ಯಾಕೆ ಎಂದು ಕಪ್ಪೆಗೂ ಗೊತ್ತಿರಲಿಕ್ಕಿಲ್ಲ, ನಾವೂ ಹಾಗೆಯೇ ಕರೆಯುತ್ತೇವೆ. ತೂಕ ಕೈಯ ಹತ್ತಿರ ಬಂದರೆ ತುದಿ ಹಗುರಾಗುತ್ತದೆ, ಕಿರುಬೆರಳಿಗೆ ಆರಾಮ. ಈ ಲೆಕ್ಕ ಸರಿಯಾದದ್ದೇ. ಆದರೆ ನಾನು ಬೀದರದವನಲ್ಲವೇ? ನಮ್ಮಲ್ಲಿ ಯಾರಿಗೇ ಗೌರವ ಮಾಡಬೇಕಿದ್ದರೂ ಬಿದ್ರಿ ಸಾಮಾನು ಕೊಡಬೇಕು, ಇಲ್ಲದಿದ್ದರೆ ಕೊಟ್ಟ ಹಾಗೇ ಅಲ್ಲ. ಕಪ್ಪೆಯನ್ನು ಬಿದ್ರಿಯಲ್ಲೇ ಮಾಡಿಸಲು ಮುಬಶ್ಶೀರನ ಬಳಿ ಹೋದೆ. ಅವನು ಬಿದ್ರಿ ಕೆಲಸದಲ್ಲಿ ದೊಡ್ಡ ಕೈ. ಇದು ಸತುವು, ಭಾರವಾಗುತ್ತದೆ, ಕಟ್ಟಿಗೆಯಲ್ಲೇ ಮಾಡು ಎಂದು ಎರಡು ಸಲ ಹೇಳಿದ. ನಿನ್ನ ಕೆಲಸ ನೀನು ನೋಡಿಕೋ ಎಂದು ಅವನ ಬಾಯಿ ಮುಚ್ಚಿಸಿದೆ. ಪಾಪ, ಕರಿ ಲೋಹದ ಮೇಲೆ ಬೆಳ್ಳಿಯ ಬಳ್ಳಿ ಬಿಡಿಸಿ, ನೋಡಿದವರು ಕಣ್ಣು ಕೀಳದಂಥ ಕಪ್ಪೆ ಮಾಡಿಕೊಟ್ಟ. ಅರವತ್ತು ಗ್ರಾಂ ಇರಬೇಕಾದ ಕಮಾನು ತೊಂಬತ್ತಾರು ತೂಗಿತು. ಮೂಗಿಗಿಂತ ಮೂಗುತಿ ಭಾರ. ತಕ್ಕಡಿ ಹೇಳಿದ್ದನ್ನೂ ನಾನು ಕೇಳಲಿಲ್ಲ. ಪ್ರೀತಿಯಿಂದ ಮಾಡಿದ್ದು ಭಾರವಾಗುವುದು ಹೇಗೆ ಎಂದುಕೊಂಡೆ.

ಕೊಟ್ಟು ಮೂರು ವಾರವಾದ ಮೇಲೆ ಭಾಲ್ಕಿಗೆ ಹೋದೆ. ಅಕ್ಕೋರು ಚಹಾದ ಕಪ್ಪನ್ನು ಎರಡೂ ಅಂಗೈಗಳ ನಡುವೆ ಹಿಡಿದು ತಂದರು. ಕಮಾನು ಹೇಗಿದೆ ಎಂದು ಕೇಳಿದೆ.

"ಭಾಳ ಚಂದ ಅದಪಾ," ಎಂದರು.

ಅಕ್ಕೋರ ಬಾಯಲ್ಲಿ ಚಂದ ಎಂಬ ಮಾತೇ? ತಲೆ ಎತ್ತಿ ನೋಡಿದೆ. ಗೋಡೆಯ ಗಾಜಿನ ಕಪಾಟಿನಲ್ಲಿ ಅವರಿಗೆ ಸನ್ಮಾನಗಳಲ್ಲಿ ಬಂದ ಬಿದ್ರಿ ಹೂದಾನಿ, ಬಿದ್ರಿ ತಟ್ಟೆ, ಬಿದ್ರಿ ನವಿಲು ಸಾಲಾಗಿದ್ದವು. ಅವುಗಳ ನಡುವೆ ನನ್ನ ಕಮಾನು ನಿಂತಿತ್ತು.

"ಬಾರಿಸಲಿಕ್ಕ ಆಗಲಿಲ್ಲೇನ್ರಿ?" ಎಂದೆ.

"ನೀ ಇಷ್ಟ ಪ್ರೀತಿಲಿಂದ ಕೊಟ್ಟೀದಿ. ಅದಕ್ಕ ಏನಂತ ತಪ್ಪ ಹೇಳಲಿ?"

ನನ್ನ ಮೇಲೆ ಬರಬೇಕಾದ ಸಿಟ್ಟು ಅವರ ಮೇಲೆ ಬಂತು. ಹನ್ನೊಂದು ಕಮಾನುಗಳಿಗೆ ಹೇಳಿದವರಿಗೆ ಇದೊಂದಕ್ಕೆ ಹೇಳಲು ಏನಾಗಿತ್ತು? ನಾನೇನು ಸನ್ಮಾನ ಮಾಡಲು ಬಂದ ಮಂತ್ರಿಯೇ? ಅರ್ಧ ಚಹಾ ಬಿಟ್ಟು ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ಹತ್ತಿ, ಕಂಡಕ್ಟರನಿಗೆ ಕೊನೆ ಸ್ಟಾಪಿಗೆ ಒಂದು ಎಂದು ಹೇಳಿ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಔರಾದ. ಸಿಟ್ಟು ಬಂದಾಗ ನನಗೆ ಬಸ್ಸಿನ ಬೋರ್ಡು ಕಾಣುವುದಿಲ್ಲ. ಬೀದರದ ಬಸ್ಸಿಗೆ ಇನ್ನೂ ಒಂದೂವರೆ ತಾಸು ಇದೆ ಎಂದರು.

ಬೇವಿನ ಗಿಡದ ಕೆಳಗೆ ಕುರಿ ಕಾಯುವ ಮುದುಕರೊಬ್ಬರು ಕೂತಿದ್ದರು. ಹೆಸರು ಮಡೆಪ್ಪ ಎಂದು ಆಮೇಲೆ ತಿಳಿಯಿತು. ಕೈಯಲ್ಲಿ ನೂಲುವ ಕದರು ತಿರುಗುತ್ತಿತ್ತು, ಕರಿ ಉಣ್ಣೆಯ ನೂಲು ಇಳಿಯುತ್ತಿತ್ತು. ಬಡಗಿಯ ಕಣ್ಣು ಮೊದಲು ಕಟ್ಟಿಗೆಗೇ ಹೋಗುತ್ತದೆ. ಪಕ್ಕದಲ್ಲಿದ್ದ ಅವರ ಕೋಲು ನೋಡಿದೆ. ಸಪೂರ ಕೋಲು, ಆದರೆ ಹಿಡಿಯುವ ಜಾಗದಲ್ಲಿ ಉಣ್ಣೆಯ ನೂಲು ಸುತ್ತಿ ಸುತ್ತಿ ಬದನೆಕಾಯಿಯಷ್ಟು ದಪ್ಪ ಮಾಡಿದ್ದರು.

"ಇಲ್ಲಿ ಯಾಕ ಇಷ್ಟ ದಪ್ಪ ಮಾಡೀರಿ ಮುತ್ಯಾ?" ಎಂದು ಕೇಳಿದೆ.

ಅವರು ಕದರು ನಿಲ್ಲಿಸಿ ಬಲಗೈ ತೋರಿಸಿದರು. ಅಕ್ಕೋರ ಕೈಯೇ. ಅದೇ ಗಂಟುಗಳು.

"ಸಣ್ಣ ಕೋಲು ಹಿಡಿಬೇಕಂದ್ರ ಬೆರಳು ಪೂರಾ ಮಡಚಬೇಕ್ರಿ. ನನ್ನ ಬೆರಳು ಮಡಚಂಗಿಲ್ಲ. ಅದಕ್ಕ ಕೋಲಿಗೇ ಹೇಳೇನಿ, ನೀನೇ ನನ್ನ ಕೈ ತನಕ ಬಾ ಅಂತ."

ನಾನು ಅಲ್ಲೇ ನೆಲದ ಮೇಲೆ ಕೂತೆ. ತೂಕ, ಉದ್ದ, ಬಾಗು ಎಲ್ಲ ಅಳೆದಿದ್ದೆ. ಅಕ್ಕೋರ ಬೆರಳು ಎಲ್ಲಿಯವರೆಗೆ ಮಡಚುತ್ತದೆ ಎಂದು ಒಮ್ಮೆಯೂ ಅಳೆದಿರಲಿಲ್ಲ. ನನ್ನ ಕೃತಜ್ಞತೆಯನ್ನೇ ದೊಡ್ಡದು ಮಾಡಿಕೊಂಡು ಕೂತಿದ್ದೆ. ಮುತ್ಯಾನಿಗೆ ಅಕ್ಕೋರ ಸಂಗತಿ ಹೇಳಿದೆ. ಅವರು ಸುತ್ತಿದ್ದ ನೂಲಿನ ಉಂಡೆಯನ್ನು ನನ್ನ ಮಡಿಲಿಗೆ ಹಾಕಿ, ಆ ತಾಯಿಗೆ ಆಗಲಿ ಎಂದರು. ಸರಿಯಾದ ಬಸ್ಸು ಹತ್ತಿದ್ದರೆ ನನಗೆ ಈ ಮನುಷ್ಯ ಸಿಗುತ್ತಿರಲಿಲ್ಲ.

ಮರುದಿನ ಬದ್ರೋದ್ದೀನನ ಲಾಯಕ್ಕೆ ಹೋದೆ. ಮದುವೆ ಮೆರವಣಿಗೆಗೆ ಕುದುರೆ ಕೊಡುವವನು ಅವನು. ಅವನ ತಂದೆಯ ಹಳೆಯ ಟಾಂಗಾದ ಕೋಲುಗಳನ್ನು ಅವನು ನನಗೆ ಎಂದೋ ಕೊಟ್ಟಿದ್ದ. ಬಗ್ಗಿದರೂ ಮುರಿಯದ ಗಟ್ಟಿ ಕಟ್ಟಿಗೆ, ನಲವತ್ತು ವರ್ಷ ಒಣಗಿದ್ದು. ಈಗ ಬಾಲದ ಕೂದಲು ಬೇಕೆಂದೆ. ಗಂಡು ಕುದುರೆಯದೇ ಆಗಬೇಕು, ಹೆಣ್ಣಿನದು ಮೂತ್ರ ತಾಗಿ ಬೇಗ ಹಾಳಾಗುತ್ತದೆ. ಯಾರಿಗೆಂದು ಕೇಳಿದ. ಹೇಳಿದೆ. ಬಿಳಿ ಕುದುರೆಯ ಬಾಲದಲ್ಲಿ ಎಲ್ಲಕ್ಕಿಂತ ಉದ್ದದ ಕೂದಲನ್ನು ಅವನೇ ಕೂತು ಆರಿಸಿಕೊಟ್ಟ.

ಟಾಂಗಾದ ಕೋಲಿನಿಂದ ಹೊಸ ಕಡ್ಡಿ ಸೀಳಿ, ಅದನ್ನು ಎಂದಿಗಿಂತ ಎರಡು ಬೆರಳಷ್ಟು ಮೋಟು ಮಾಡಿದೆ. ತೆಳ್ಳಗೆ ಹೆರೆದು, ಕೆಂಡದ ಮೇಲೆ ಕಾಯಿಸಿ ಬಾಗಿಸಿದೆ. ಕಪ್ಪೆಯನ್ನು ಹಗುರ ಕಟ್ಟಿಗೆಯಲ್ಲಿ ಕೆತ್ತಿದೆ. ಹಿಡಿ ದಪ್ಪವೂ ಇರಬೇಕು, ತೂಕವೂ ಇರಬಾರದು. ಅದು ಹೇಗೆ ಎಂದು ಎರಡು ದಿನ ತಲೆ ಕೆರೆದುಕೊಂಡೆ. ನನ್ನ ಹೆಂಡತಿ ಸಿದ್ದೇಶ್ವರಿ, ಬಾಸಿಂಗ ಮಾಡುವ ಬೆಂಡು ಹಾಕಬಾರದೇ ಎಂದಳು. ಮದುವೆಯಲ್ಲಿ ಹಣೆಗೆ ಕಟ್ಟಿದರೂ ಇದೆ ಎಂದು ಗೊತ್ತಾಗದಷ್ಟು ಹಗುರ ಅದು. ಬೆಂಡಿನ ಮೇಲೆ ಮಡೆಪ್ಪ ಮುತ್ಯಾನ ನೂಲು ಸುತ್ತಿದೆ. ಐವತ್ಮೂರು ಗ್ರಾಂ. ಮುಬಶ್ಶೀರನಿಗೆ ತೋರಿಸಿ, ಅವತ್ತು ನೀನು ಹೇಳಿದ್ದೇ ಸರಿ ಎಂದೆ. ಈ ಮಾತು ನನ್ನ ಬಾಯಿಂದ ಬಂತಲ್ಲ ಎಂದು ಅವನು ಅಂಗಡಿಯವರನ್ನೆಲ್ಲ ಕರೆದು ಇನ್ನೊಮ್ಮೆ ಹೇಳಿಸಿದ.

ಬಸವ ಜಯಂತಿಗೆ ನಾಲ್ಕು ದಿನ ಉಳಿದಿತ್ತು. ಭಾಲ್ಕಿಗೆ ಹೋದಾಗ ಅಕ್ಕೋರ ಪಿಟೀಲು ಮಕ್ಕಳಿಗೆ ಕೊಡಲು ಹೊಸ ಬಟ್ಟೆಯಲ್ಲಿ ಕಟ್ಟಿಟ್ಟಿತ್ತು. ಅವತ್ತು ಎದ್ದುಹೋದದ್ದಕ್ಕೆ ತಪ್ಪಾಯಿತು ಎಂದೆ. ಅವರು ಕಮಾನು ನೋಡಿ, ಇದೇನು ಇಷ್ಟು ಕುರೂಪ ಎಂದು ನಕ್ಕರು. ನನಗೆ ಆಗಲೇ ಸ್ವಲ್ಪ ಧೈರ್ಯ ಬಂತು.

ಗಂಟು ಬಿಚ್ಚಿ ಪಿಟೀಲು ಕೈಗೆ ಕೊಟ್ಟೆ. ತಂತಿ ಶ್ರುತಿ ಮಾಡಿ, ಕಮಾನಿನ ಹಿಡಿಯ ಮೇಲೆ ಬೆರಳು ಇಳಿಸಿದರು. ಬೆರಳು ಎಲ್ಲಿಯವರೆಗೆ ಮಡಚುತ್ತಿತ್ತೋ ಅಲ್ಲಿ ಹಿಡಿ ಕಾಯುತ್ತಿತ್ತು. ಮೊದಲ ಎಳೆತ ಗೊಗ್ಗರಾಗಿ ಬಂತು. ಎರಡನೆಯದರಲ್ಲಿ ಸ್ವರ ಸರಿಯಾಗಿ ನಿಂತಿತು. ಆಮೇಲೆ ಸೋಮವಾರದ ಒಂದು ವಚನದ ಧಾಟಿ ಮೊದಲಿನಿಂದ ಕೊನೆಯವರೆಗೆ ಹರಿಯಿತು. ಕಮಾನು ಒಮ್ಮೆಯೂ ಕೈ ಬಿಡಲಿಲ್ಲ. ಬಾರಿಸುವುದು ನಿಂತಿತು. ಅಕ್ಕೋರ ಹುಬ್ಬು ಗಂಟಿಕ್ಕಿತು.

"ತುದಿ ಇನ್ನಾ ಒಂದ ಗುಂಜಿ ಭಾರ ಅದ ಹಾವಗೆಪ್ಪ. ನಡು ಸುದ್ದಾ ಒಂಚೂರು ನಡಗತದ. ಇಷ್ಟ ದಿನ ಕುಂತು ಏನ್ ಮಾಡೀದಿ?"

ನನ್ನ ಕಣ್ಣಲ್ಲಿ ನೀರು ತುಂಬಿ ಬಂತು, ತಡೆಯಲಿಲ್ಲ. ಈಗಲೇ ಒಯ್ದು ಸರಿ ಮಾಡಿ ತರುತ್ತೇನೆ ಎಂದು ಕೈ ಚಾಚಿದೆ. ಅವರು ಕಮಾನನ್ನು ಹಿಂದಕ್ಕೆ ಎಳೆದುಕೊಂಡರು.

"ಈಗ ಬ್ಯಾಡ. ಸೋಮವಾರ ಬಾರಿಸೋದದ. ಮಂಗಳವಾರ ಬಂದು ಒಯ್ಯಿ."