ಕ್ಷೌರಿಕನ ಕೈಚಳಕ

ಖಿನ್ನತೆಯಿಂದ ಕೋಣೆ ಸೇರಿದ್ದ ತನ್ನ ಗೆಳೆಯನನ್ನು ಕ್ಷೌರಿಕ ಅಂಗವೈಕಲ್ಯ ಮಾಸಾಶನದ ತಪಾಸಣೆಗೆ ಕರೆದೊಯ್ಯಬೇಕಿತ್ತು. ಕ್ಷೌರಿಕನ ಕೈ ಸುಮ್ಮನಿರಬೇಕಲ್ಲ! ನಾಲ್ಕು ತಿಂಗಳ ಗಡ್ಡ ಬೋಳಿಸಿ, ಮದುಮಗನ ಹಾಗೆ ಕ್ರಾಪು ತೀಡಿ ಕರೆತಂದ.

ಡಾಕ್ಟರು ಒಮ್ಮೆ ಕಣ್ಣೆತ್ತಿ ನೋಡಿ, ‘ಅಚ್ಚುಕಟ್ಟಾಗಿದ್ದಾರೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರು’ ಎಂದು ಬರೆದೇಬಿಟ್ಟರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

“ಅಯ್ಯೋ ಸಾರ್, ಅದು ನನ್ನ ಕೈಚಳಕ! ಸ್ನಾನ ಮಾಡಿಸ್ದೋನು ನಾನು, ಅಂಗಿ ಗುಂಡಿ ಹಾಕ್ದೋನೂ ನಾನೇ!” ಎಂದು ಕ್ಷೌರಿಕ ಬಾಯಿ ಬಡಿದುಕೊಂಡ.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಗೆಳೆಯನತ್ತ ತಿರುಗಿದರು. “ಹಾಗಾದ್ರೆ ಇವತ್ತು ನೀವಾಗೇ ಏನು ಮಾಡಿದ್ರಿ?”

ಗೆಳೆಯ ಕ್ಷೌರಿಕನತ್ತ ಬೆರಳು ತೋರಿಸಿದ. “ಇವ್ನು ಬಂದಾಗ ಬಾಗಿಲು ತೆಗೆದೆ.”

ಹೆತ್ತ ತಾಯಿಗಲ್ಲದೆ ಇನ್ಯಾರಿಗೂ ತೆರೆಯದ ಆ ಬಾಗಿಲನ್ನು ನಾಲ್ಕು ತಿಂಗಳು ದಿನವೂ ತಟ್ಟಿ ವಾಪಸಾಗಿದ್ದ ಕ್ಷೌರಿಕ, ಗೆಳೆಯನ ಸರಿಯಾಗೇ ಇದ್ದ ಕ್ರಾಪನ್ನು ಮತ್ತೆ ತೀಡತೊಡಗಿದ.