ವಿನೋದಿನಿಯ ಸೈಕಲ್ ಬೆಲ್

ಶನಿವಾರ ಬೆಳಗ್ಗೆ ಮಳೆ ನಿಂತಿತೆಂದರೆ ಐರ್ಲೆಂಡಿನ ಮೇನೂತ್ ಊರಿನಲ್ಲಿ ಎಲ್ಲರಿಗೂ ಖುಷಿ. ವಿನೋದಿನಿಗೆ ಮಾತ್ರ ಇಲ್ಲ. ಮಳೆ ನಿಂತರೆ ಐರಿನ್ ಬರುತ್ತಾಳೆ. ಐರಿನ್ ಬಂದರೆ ಮಗಳು ಹೋಗುತ್ತಾಳೆ.

ಐರಿನ್ ಹಿಂದಿನ ಬೀದಿಯವಳು. ಊರು ಮಂಗಳೂರು, ಕೆಲಸ ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದು ಮೂಳೆ ಮುರಿದುಕೊಂಡವರನ್ನು ಮತ್ತೆ ನಡೆಸುವುದು ಅವಳ ದಿನದ ಕೆಲಸ. ಹಿಮ ಸರಿಯಾಗಿ ಬೀಳದ ಈ ದೇಶದಲ್ಲೂ ಅವಳು ಸ್ಕೀಯಿಂಗ್ ಕಲಿತಿದ್ದಳು, ಇಳಿಜಾರಿಗೆ ಬ್ರಷ್ಷಿನಂಥ ಪ್ಲಾಸ್ಟಿಕ್ ಚಾಪೆ ಹಾಸಿದ ಜಾಗದಲ್ಲಿ. ಈಗ ಗುಡ್ಡದ ಸೈಕಲ್ ಹಿಡಿದಿದ್ದಳು. ವಿನೋದಿನಿಯ ಹತ್ತು ವರ್ಷದ ಮಗಳು ನಿಸರ್ಗಾಳನ್ನೂ ಮೂರು ತಿಂಗಳಿಂದ ಜೊತೆಗೆ ಕರೆದೊಯ್ಯುತ್ತಿದ್ದಳು.

"ಹೈ ಪೋನಿಟೇಲ್ ಬೇಡ ಅಮ್ಮಾ. ಟೂ ಲೋ ಪ್ಲ್ಯಾಟ್ಸ್. ಐರಿನ್ ಆಂಟಿ ಸೆಡ್," ಎಂದಳು ನಿಸರ್ಗಾ. ತಲೆಯ ಮೇಲೆ ಗಂಟಿದ್ದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲವಂತೆ.

ವಿನೋದಿನಿ ಬಿಚ್ಚಿ, ಕುತ್ತಿಗೆಯ ಹತ್ತಿರ ಎರಡು ಜಡೆ ಹೆಣೆದಳು. ಹೆಲ್ಮೆಟ್ಟಿನ ಪಟ್ಟಿ ಹಾಕಲು ಹೋದರೆ ಹುಡುಗಿ ಹಿಂದೆ ಸರಿದಳು. ಅದನ್ನು ಐರಿನ್ ಆಂಟಿಯೇ ಹಾಕಬೇಕು. ಅವಳು ಗದ್ದದ ಕೆಳಗೆ ಎರಡು ಬೆರಳು ಇಟ್ಟು ಬಿಗಿ ಸರಿಯಿದೆಯೇ ನೋಡುತ್ತಾಳೆ.

ಅಡುಗೆಮನೆಯಲ್ಲಿ ಗಂಡ ಹೃಷಿಕೇಶ್ ಕಾಫಿ ಕುಡಿಯುತ್ತಿದ್ದ. ಪಕ್ಕದೂರು ಲೀಕ್ಸ್‌ಲಿಪ್ಪಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಆಗ ತಾನೇ ಬಂದಿದ್ದ.

"ಮಗು ಖುಷಿಯಾಗಿದೆ, ಬಿಡೇ ವಿನು."

"ನಿಮಗೇನ್ರೀ? ನಿಮ್ಮ ಕೈಲಿ ಜಡೆ ಬೇಡ ಅಂತ ಯಾರೂ ಅಂದಿಲ್ಲ."

"ನಂಗೆ ಜಡೆ ಹಾಕೋಕೆ ಬರಲ್ಲ, ಅದಕ್ಕೆ."

ವಿನೋದಿನಿ ನಗಲಿಲ್ಲ. ಹಿತ್ತಲಿಗೆ ಹೋಗಿ ತನ್ನ ಸೈಕಲ್ ಎಳೆದು ತಂದಳು. ಕಾಲುವೆ ದಾರಿಯಲ್ಲಿ ಅಂಗಡಿಗೆ ಹೋಗಿಬರಲು ಇಟ್ಟುಕೊಂಡಿದ್ದ ಸೈಕಲ್. ಐರಿನ್‌ಳ ಕಾರು ಬಂದು ನಿಂತಾಗ ಅವಳೂ ಹೆಲ್ಮೆಟ್ ಹಾಕಿ ಬಾಗಿಲಲ್ಲಿದ್ದಳು.

"ಈ ವಾರ ನಾನೂ ಬರ್ತೀನಿ."

"ಬಾ ಮಾರಾಯ್ತಿ, ಒಳ್ಳೇದೇ ಆಯ್ತು," ಎಂದಳು ಐರಿನ್. ವಿನೋದಿನಿಯ ಸೈಕಲ್ಲಿನ ಬ್ರೇಕು, ಚಕ್ರ ಎಲ್ಲ ನೋಡಿದಳು. ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಅದೂ ವಿನೋದಿನಿಗೆ ಹಿಡಿಸಲಿಲ್ಲ.

ವಿಕ್ಲೋ ಕಡೆಯ ಗುಡ್ಡವೊಂದರಲ್ಲಿ ಪೈನ್ ಕಾಡಿನ ನಡುವೆ ದಾರಿ. ನಡೆಯುವವರು, ನಾಯಿ ಕರೆತಂದವರು, ಸೈಕಲ್ಲಿನವರು, ಎಲ್ಲರಿಗೂ ಅದೊಂದೇ. ಮೇಲೆ ತಲುಪಿ ಉಸಿರು ಬಿಡುವಾಗ ಐರಿನ್ ಹೇಳಿದಳು:

"ಇಳಿಯುವ ಮೊದಲು ಒಂದು ಮಾತು. ಮುಂದೆ ಹೋಗುವವರಿಗೇ ದಾರಿ. ಅವರಿಗೆ ಬೆನ್ನಲ್ಲಿ ಕಣ್ಣಿಲ್ಲ. ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗ್ಬೇಕು. ಸ್ಕೀ ಜಾಗದಲ್ಲಿ ಮೊದಲ ದಿನ ನಂಗೆ ಹೇಳಿಕೊಟ್ಟದ್ದು ಇದನ್ನೇ."

"ಬೆಲ್ ಇದ್ಯಲ್ಲ," ಎಂದಳು ವಿನೋದಿನಿ. "ಹದಿನಾಲ್ಕು ವರ್ಷ ಬೆಂಗಳೂರಲ್ಲಿ ಸ್ಕೂಟಿ ಓಡಿಸಿದೀನಿ ಕಣೇ. ವಿಜಯನಗರದಿಂದ ಮಾರ್ಕೆಟ್‌ಗೆ. ಹಾರ್ನ್ ಮೇಲೆ ಬೆರಳಿಟ್ರೆ ಬಸ್ಸೂ ಸರಿಯೋದು. ನಂಗೆ ಹೇಳ್ಕೊಡ್ತೀಯಾ?"

"ಬೆಲ್ ಹೊಡೆದು ನುಗ್ಗಲಿಕ್ಕೆ ಇಲ್ಲ ಇಲ್ಲಿ. ಮೊದಲು ನಿಧಾನ ಆಗ್ಬೇಕು. ದೂರದಿಂದಲೇ ಒಂದು ಸಲ ಹೊಡೆದು, ಅವರು ಜಾಗ ಬಿಟ್ಟ ಮೇಲೆ ಹೋಗುವುದು. ಬಿಡದಿದ್ದರೆ ಕಾಯುವುದು."

"ಅಷ್ಟು ಕಾದ್ರೆ ಕತ್ತಲಾಗತ್ತೆ."

ನಿಸರ್ಗಾ ಕಿಸಕ್ಕನೆ ನಕ್ಕಳು. ಯಾರ ಮಾತಿಗೆ ನಕ್ಕಳೋ ವಿನೋದಿನಿಗೆ ತಿಳಿಯಲಿಲ್ಲ.

ಐರಿನ್ ಮುಂದೆ ಹೊರಟಳು. ಅವಳ ಹಿಂದೆ ನಿಸರ್ಗಾ. ಕೊನೆಗೆ ವಿನೋದಿನಿ. ಐರಿನ್ ಎಲ್ಲಿ ಬ್ರೇಕ್ ಹಿಡಿದಳೋ ಅಲ್ಲೇ ಮಗಳೂ ಹಿಡಿದಳು. ಐರಿನ್ ಎಲ್ಲಿ ಸೀಟಿನಿಂದ ಎದ್ದಳೋ ಅಲ್ಲೇ ಮಗಳೂ ಎದ್ದಳು. ಒಂದು ತಗ್ಗು ದಾಟಿದಾಗ "ಗುಡ್ ಗರ್ಲ್!" ಎಂಬ ಕೂಗು ಕೇಳಿತು. ಜೊತೆಗೇ ಮಗಳ ನಗು. ಮನೆಯಲ್ಲಿ ಆ ನಗು ಕೇಳಿ ಎಷ್ಟು ದಿನವಾಗಿತ್ತು?

ವಿನೋದಿನಿ ಬ್ರೇಕ್ ಬಿಟ್ಟಳು. ಅವರಿಬ್ಬರ ನಡುವೆ ಹೋಗಬೇಕು, ಇನ್ನೂ ಮುಂದೆ ಹೋಗಬೇಕು, ಮಗಳು ತನ್ನ ಬೆನ್ನು ನೋಡಿಕೊಂಡು ಬರಬೇಕು. ಇಷ್ಟೇ ಅವಳ ತಲೆಯಲ್ಲಿದ್ದದ್ದು. ತಿರುವು ದಾಟಿದಳು. ಒದ್ದೆ ಜಲ್ಲಿಕಲ್ಲಿನ ಮೇಲೆ ಸೈಕಲ್ ಅವಳು ಎಣಿಸಿದ್ದಕ್ಕಿಂತ ಜೋರಾಗಿ ಓಡಿತು. ಬೆರಳು ತಾನಾಗಿಯೇ ಬೆಲ್ಲಿಗೆ ಹೋಯಿತು. ಟ್ರಿಣ್, ಟ್ರಿಣ್, ಟ್ರಿಣ್.

"ನಿಸೀ, ಸೈಡ್! ಸೈಡ್ ಬಿಡು!"

ನಿಸರ್ಗಾ ಸೈಡ್ ಬಿಡಲಿಲ್ಲ. ತಿರುಗಿ ನೋಡಿದಳು. ತಲೆ ತಿರುಗಿದ ಕಡೆಗೇ ಹ್ಯಾಂಡಲ್ಲೂ ತಿರುಗಿತು. ಪುಟ್ಟ ಸೈಕಲ್ ದಾರಿಗೆ ಅಡ್ಡ ಬಂತು.

ವಿನೋದಿನಿ ಬ್ರೇಕ್ ಹಿಡಿದಳು. ಚಕ್ರ ಜಾರಿತು. ಅವಳು ಪಕ್ಕದ ಮುಳ್ಳುಪೊದೆಗೆ ಹೋಗಿ ಬಿದ್ದಳು. ಬೀಳುವಾಗ ಅವಳ ಹ್ಯಾಂಡಲ್ ಮಗಳ ಹಿಂದಿನ ಚಕ್ರಕ್ಕೆ ತಾಗಿತು. ಕಲ್ಲಿಗೆ ಏನೋ ಬಡಿದ ಸದ್ದಾಯಿತು.

ಅವಳು ಎದ್ದು ಬರುವಷ್ಟರಲ್ಲಿ ಐರಿನ್ ಕೆಳಗಿನಿಂದ ಓಡಿ ಬಂದಿದ್ದಳು. ನಿಸರ್ಗಾ ಮಣ್ಣಿನಲ್ಲಿ ಮಲಗಿದ್ದಳು. ಕಣ್ಣು ತೆರೆದಿತ್ತು.

"ಎತ್ತಬೇಡ! ಅಲ್ಲಾಡಿಸಬೇಡ!" ಎಂದು ಐರಿನ್ ಕೂಗಿದಳು. ಕೂಗಿದವಳು ಮಗುವಿನ ಹತ್ತಿರ ನಿಲ್ಲಲಿಲ್ಲ. ಅವಳನ್ನು ದಾಟಿ, ತನ್ನ ಸೈಕಲ್ ಎಳೆದುಕೊಂಡು, ಮೇಲಕ್ಕೆ ಓಡಿದಳು.

ವಿನೋದಿನಿಗೆ ಮೈ ಉರಿಯಿತು. ನೋಡು, ಬೇರೆಯವರ ಮಗು. ಬಿದ್ದ ಮೇಲೆ ಬೇಡವಾಯಿತು.

ಐರಿನ್ ತಿರುವಿನ ಆಚೆ ದಾರಿಗೆ ಅಡ್ಡಲಾಗಿ ಸೈಕಲ್ ಇಟ್ಟು, ಎರಡೂ ಕೈ ಎತ್ತಿ ನಿಂತಳು. ಹತ್ತು ಎಣಿಸುವಷ್ಟರಲ್ಲಿ ಮೂವರು ಸವಾರರು ಮೇಲಿನಿಂದ ಗಾಳಿಯಂತೆ ಇಳಿದು ಬಂದರು. ಅವಳನ್ನು ಕಂಡು ಬ್ರೇಕ್ ಹಿಡಿದರು. ಜಲ್ಲಿ ಹಾರಿತು. ಅವರು ನಿಂತ ಜಾಗದಿಂದ ನಿಸರ್ಗಾಳ ತಲೆ ಇಪ್ಪತ್ತು ಹೆಜ್ಜೆ ದೂರವೂ ಇರಲಿಲ್ಲ. ತಿರುವಿನ ಆಚೆಯಿಂದ ಬರುವವರಿಗೆ ಅವಳು ಕಾಣುತ್ತಲೇ ಇರಲಿಲ್ಲ.

ವಿನೋದಿನಿ ಮಗಳ ಪಕ್ಕ ಕೂತಳು.

"ಅಮ್ಮಾ," ಎಂದಳು ನಿಸರ್ಗಾ.

"ಇಲ್ಲೇ ಇದೀನಿ ಕಂದ. ಯಾಕಮ್ಮಾ ತಿರುಗಿದೆ? ಸೈಡ್ ಬಿಡು ಅಂದ್ನಲ್ಲ."

"ಬಿಕಾಸ್ ಇಟ್ ವಾಸ್ ಯೂ."

ಕೂಗಿದ್ದು ನೀನು ಅಂತಲೇ ತಿರುಗಿದೆ, ಎನ್ನುತ್ತಿದ್ದಳು ಮಗಳು.

ಸವಾರರಲ್ಲಿ ಒಬ್ಬನನ್ನು ಕಾವಲಿಗೆ ನಿಲ್ಲಿಸಿ ಐರಿನ್ ಬಂದಳು. ಕುತ್ತಿಗೆ ನೋವಿದೆಯೇ, ಬೆರಳು ಆಡುತ್ತವೆಯೇ, ಇವತ್ತು ಯಾವ ವಾರ ಎಂದೆಲ್ಲ ಕೇಳಿದಳು. "ಐಯಾಮ್ ಗ್ರ್ಯಾಂಡ್," ಎಂದಳು ನಿಸರ್ಗಾ, ನಂಗೇನೂ ಆಗಿಲ್ಲ ಎನ್ನಲು ಇಲ್ಲಿನ ಮಕ್ಕಳು ಹೇಳುವಂತೆ, ಅಳು ತಡೆದುಕೊಂಡು. ಮಣಿಕಟ್ಟು ಊದಿತ್ತು. ಹೆಲ್ಮೆಟ್ ಒಂದು ಬದಿಯಲ್ಲಿ ಬಿರುಕು ಬಿಟ್ಟಿತ್ತು. ವಿನೋದಿನಿ ಆ ಬಿರುಕಿನ ಮೇಲೆ ಬೆರಳು ಓಡಿಸಿದಳು. ಕಲ್ಲಿಗೆ ಬಡಿದದ್ದು ಇದು.

ತಲೆಗೆ ಪೆಟ್ಟಾಗಿದ್ದರಿಂದ ನೇರ ಆಸ್ಪತ್ರೆಗೆ ಹೋದರು. ಡಾಕ್ಟರು ನೋಡಿ, ಮಣಿಕಟ್ಟು ಉಳುಕಿದೆ, ತಲೆಗೆ ಏನೂ ಆಗಿಲ್ಲ, ಎರಡು ದಿನ ಕಣ್ಣಿಟ್ಟಿರಿ ಎಂದರು. ಕಾಯುವ ಕೋಣೆಯಲ್ಲಿ ವಿನೋದಿನಿ ತೋಳಿನ ಮುಳ್ಳು ಕೀಳುತ್ತ ಕೂತಿದ್ದಳು.

"ನಿನ್ನ ದಾಟಿ ಹೋಗ್ಬೇಕಿತ್ತು ನಂಗೆ," ಎಂದಳು. "ಅವಳು ನಿನ್ನೇ ನೋಡ್ತಿರ್ತಾಳೆ. ತಡ್ಕೊಳ್ಳೋಕೆ ಆಗ್ಲಿಲ್ಲ."

ಐರಿನ್ ಅವಳ ಪಕ್ಕಕ್ಕೆ ಸರಿದು ಕೂತಳು.

"ಇವತ್ತು ನಂಗೂ ಹೊಟ್ಟೆಕಿಚ್ಚಾಯ್ತು ಮಾರಾಯ್ತಿ. ಮೂರು ತಿಂಗಳು ಕಲಿಸಿದವಳು ನಾನು. ಬಿದ್ದಾಗ ಕರೆದದ್ದು ನಿನ್ನನ್ನು."

ಆಮೇಲೆ ಮುಳ್ಳು ಕೀಳಲು ಅವಳೂ ಕೈ ಹಾಕಿದಳು.

ಮನೆಯಲ್ಲಿ ಹೃಷಿಕೇಶ್ ಎಲ್ಲ ಕೇಳಿದ. "ಸೈಕಲ್ಲಿಗೂ ಇಷ್ಟೊಂದು ರೂಲ್ಸಾ?" ಎಂದ. ವಿನೋದಿನಿ ಒಡೆದ ಹೆಲ್ಮೆಟ್ ತಂದು ಅವನ ಕೈಗಿಟ್ಟಳು. ಅವನು ಸೋಮವಾರ ಹೊಸ ಹೆಲ್ಮೆಟ್ ತಂದ, ತನಗೂ ಸೇರಿಸಿ ಮೂರು.

ಒಂದು ತಿಂಗಳ ಮೇಲೆ ಮನೆಯ ಮೂವರೂ ಕಾಲುವೆ ದಾರಿಯಲ್ಲಿ ಹೊರಟರು. ಮುಂದೆ ವಯಸ್ಸಾದ ಹೆಂಗಸೊಬ್ಬರು ನಾಯಿ ಹಿಡಿದು ದಾರಿಯ ಮಧ್ಯದಲ್ಲೇ ನಡೆಯುತ್ತಿದ್ದರು. ವಿನೋದಿನಿಯ ಬೆರಳು ಬೆಲ್ಲಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ನಿಧಾನ ಮಾಡಿದಳು. ದೂರದಿಂದ ಒಂದೇ ಸಲ, ಮೆಲ್ಲಗೆ ಬಾರಿಸಿದಳು. ಅಜ್ಜಿ ತಿರುಗಿ ನೋಡಿದರು. ನಾಯಿಯನ್ನು ಹತ್ತಿರ ಎಳೆದುಕೊಂಡು, ಅಂಚಿಗೆ ಸರಿದು ಕೈಯೆತ್ತಿದರು. ಆಗ ಹೋದಳು. ಹಿಂದೆ ಮಗಳು. ವಿನೋದಿನಿ ಎಲ್ಲಿ ಬ್ರೇಕ್ ಹಿಡಿದಿದ್ದಳೋ ಅಲ್ಲೇ ಅವಳೂ ಹಿಡಿದಿದ್ದಳು.

ಇದನ್ನು ಓದುತ್ತಿರುವವರೇ, ಈ ಚಳಿಗಾಲ ನೀವೂ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯಬಹುದು, ರಜೆಗೆ ಹಿಮದ ನಾಡಿಗೆ ಹೋಗಬಹುದು. ಕಾಲಿನ ಕೆಳಗೆ ಸ್ಕೀ ಇರಲಿ, ಸ್ನೋಬೋರ್ಡ್ ಇರಲಿ, ಚಕ್ರ ಇರಲಿ, ಮುಂದೆ ಹೋಗುವವರಿಗೆ ದಾರಿ ಕೊಡಿ. ನಡೆಯುವವರಿಗೆ ಮೊದಲು ಕೊಡಿ. ಫೋಟೋಕ್ಕೋ ದಣಿವಿಗೋ ನಿಲ್ಲಬೇಕಾದರೆ ಅಂಚಿಗೆ ಸರಿದು, ಮೇಲಿನಿಂದ ಬರುವವರಿಗೆ ಕಾಣುವಲ್ಲಿ ನಿಲ್ಲಿ. ಮತ್ತೆ ಹೊರಡುವ ಮುಂಚೆ ತಲೆಯೆತ್ತಿ ಮೇಲೆ ನೋಡಿ. ಯಾರಾದರೂ ಬಿದ್ದರೆ ಮೊದಲು ಹಿಂದಿನಿಂದ ಬರುವವರನ್ನು ತಡೆಯಿರಿ, ಬಿದ್ದವರನ್ನು ಎಳೆದಾಡಬೇಡಿ, ಪೆಟ್ಟು ದೊಡ್ಡದಾಗಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ.

ಮುಂದೆ ಇರುವವರು ನಿಮ್ಮ ದನಿ ಕೇಳಿ ತಿರುಗಿಬಿಡಬಹುದು. ನಿಮ್ಮ ಮಗುವಾದರೆ ತಿರುಗಿಯೇ ತಿರುಗುತ್ತದೆ. ತಿರುಗಿದರೂ ನೀವು ನಿಲ್ಲಬಲ್ಲಷ್ಟು ದೂರ ಇಟ್ಟುಕೊಳ್ಳಿ.